ಉಪವಾಸದ ಗೆಣಸಿನ ಊರು ಯಾವುದು?

ಕಳೆದ ಶಿವರಾತ್ರಿಗೆ ತಂದ ಗೆಣಸಿನಲ್ಲಿ ಒಂದು ಬುಟ್ಟಿಯ ತಳದಲ್ಲೇ ಉಳಿದು ಮೊಳಕೆ ಒಡೆದಿತ್ತು. ಚೆಲ್ಲಲು ಮನಸ್ಸಾಗಲಿಲ್ಲ. ಅರ್ಧ ಮುಳುಗುವಷ್ಟು ನೀರಿನ ಗ್ಲಾಸಿನಲ್ಲಿಟ್ಟು ಪಡಸಾಲಿಯ ಕಿಟಕಿಯಲ್ಲಿ ಇರಿಸಿದೆವು.

ಉಪವಾಸದ ದಿನ ನಮ್ಮ ಮುರಗೋಡದ ಮನೆಗಳಲ್ಲಿ ಅನ್ನ, ರೊಟ್ಟಿ ಇಲ್ಲ, ಗೆಣಸು ನಡೆಯುತ್ತದೆ. ಆದರೆ ಈ ಗೆಣಸಿನ ತವರು ಅಮೆರಿಕ ಖಂಡ. 1492ರಲ್ಲಿ ಕೊಲಂಬಸ್ ಕೆರಿಬಿಯನ್ ದ್ವೀಪಗಳಿಗೆ ಹೋದಾಗ ಅಲ್ಲಿಯ ತೈನೊ ಜನ ಇದನ್ನು ಬೆಳೆಯುತ್ತಿದ್ದರು. ಅವರ ಬಾಯಲ್ಲಿ ಇದು 'ಬಟಾಟ'. 1510ರಲ್ಲಿ ಗೋವಾ ಪೋರ್ಚುಗೀಸರ ವಶವಾಯಿತು. ಗೆಣಸನ್ನು ಈ ಕಡೆ ತಂದವರು ಅವರೇ ಎನ್ನುವುದು ಇತಿಹಾಸಕಾರರ ಮಾತು.

ಆಮೇಲೆ ಆಲೂಗಡ್ಡೆ ಬಂದು ಆ ಹೆಸರನ್ನೇ ಕಸಿದುಕೊಂಡಿತು! ಸಂತೆಯಲ್ಲಿ 'ಬಟಾಟಿ' ಎಂದರೆ ಇವತ್ತು ಆಲೂಗಡ್ಡೆಯನ್ನೇ ತೂಗುತ್ತಾರೆ. ಹೆಸರು ಕಳೆದುಕೊಂಡ ಬಳ್ಳಿಗೆ ಸಿಕ್ಕಿದ್ದು ನಮ್ಮದೇ ಹಳೆಯ ಮಾತು, ಕಾಡಿನ 'ಗೆಡ್ಡೆ-ಗೆಣಸಿ'ನಲ್ಲಿರುವ ಗೆಣಸು. ಹಾಗಾಗಿ ಹೊರಗಿನದೆಂಬ ಗುರುತೇ ಉಳಿಯಲಿಲ್ಲ. ಮಡಿಯ ಅಡುಗೆಮನೆಗೂ ಸಲೀಸಾಗಿ ಬಂತು. ಹೊರಗಿನ ತಿನಿಸು ನಮಗೆ ಬೇಡ ಎಂದು ವಾದಿಸುವವರ ತಟ್ಟೆಯಲ್ಲೂ ಇದೆ.

ನಮ್ಮ ಕಿಟಕಿಯ ಗೆಣಸು ಗೇಣುದ್ದ ಚಿಗುರಿದಾಗ ಕುಡಿ ಕತ್ತರಿಸಿ ಹಳೆಯ ಬಕೆಟ್ಟಿನಲ್ಲಿ ನೆಟ್ಟೆವು. ತಪ್ಪು ಅಲ್ಲೇ ಆಯಿತು. ಅಂಟು ಎರಿಮಣ್ಣು, ಅದಕ್ಕೆ ವಿಪರೀತ ತಿಪ್ಪೆಗೊಬ್ಬರ, ಮೇಲೆ ಒಳಮನೆಯ ಅರೆಬೆಳಕು. ನಾಲ್ಕು ತಿಂಗಳು ಬಳ್ಳಿ ಕಿಟಕಿ ತುಂಬಾ ಹಬ್ಬಿತು. ಅಗೆದರೆ ಬೆರಳುಗಾತ್ರದ ಮೂರು ಬೇರು. ಬೆಳಗಾವಿ, ಖಾನಾಪುರದ ಸಡಿಲ ಕೆಂಪು ಮಣ್ಣಿನಲ್ಲಿ ಅದು ಏಕೆ ದಪ್ಪಗಾಗುತ್ತದೆಂದು ಆಗ ತಿಳಿಯಿತು. ಈ ಸಲ ಅರ್ಧ ಮರಳು ಬೆರೆಸಿ, ಬಕೆಟ್ಟನ್ನು ಬಿಸಿಲು ಬೀಳುವ ಬಾಗಿಲ ಬಳಿ ಇಟ್ಟಿದ್ದೇವೆ. ಎಳೆ ಎಲೆಯನ್ನಂತೂ ಪಲ್ಯ ಮಾಡಿ ತಿಂದಾಯಿತು.