ಕಾನೂನು ಕೊಡಲಾರದ ಸ್ಥಾನ: ಇಂಗ್ಲೆಂಡಿನ ಸಲಿಂಗಪ್ರೇಮಿ ಕ್ರೈಸ್ತರ ಇತಿಹಾಸ



ಕಿಂಗ್ಸ್‌ಬರಿಯ ಸೇಂಟ್ ಆಂಡ್ರ್ಯೂ ಚರ್ಚು ನಮಗೆಲ್ಲ ಪರಿಚಿತವಾದುದು. ಅದು 1847ರಲ್ಲಿ ಮಧ್ಯ ಲಂಡನ್ನಿನ ವೆಲ್ಸ್ ಸ್ಟ್ರೀಟಿನಲ್ಲಿ ತಲೆಯೆತ್ತಿತ್ತು. 1930ರ ದಶಕದಲ್ಲಿ ಅದನ್ನು ಕಲ್ಲುಕಲ್ಲಾಗಿ ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿದರೆಂಬುದು ಬಹುಮಂದಿಗೆ ತಿಳಿದಿರಲಾರದು. ಕಟ್ಟಡವನ್ನು ಹೀಗೆ ಕೆಲವೇ ವರ್ಷಗಳಲ್ಲಿ ಸ್ಥಳಾಂತರಿಸಬಹುದು. ಅದರೊಳಗೆ ಪ್ರಾರ್ಥಿಸುವವರ ಮನಸ್ಸು ಒಂದು ಹೆಜ್ಜೆ ಮುಂದಿಡಲು ಎಷ್ಟು ಕಾಲ ಬೇಕು? ಆಂಗ್ಲಿಕನ್ ಚರ್ಚಿನಲ್ಲಿ ತಮಗೂ ಸ್ಥಾನವಿರಬೇಕೆಂದು ಕೇಳಿದ ಸಲಿಂಗಪ್ರೇಮಿ ಕ್ರೈಸ್ತರ ಇತಿಹಾಸದಲ್ಲಿ ಈ ಪ್ರಶ್ನೆಗೆ ಉತ್ತರವಿದೆ. ವಿಷಯ ಮುಜುಗರದ್ದೆಂದು ಕೆಲವರಿಗೆ ತೋರಬಹುದು. ಆದರೆ ಇದು ಪರರ ಮನೆಯ ಕಥೆ ಮಾತ್ರವಲ್ಲ.

ಚರ್ಚಿನ ನ್ಯಾಯಾಲಯಗಳು ಪಾಪವೆಂದು ವಿಚಾರಿಸುತ್ತಿದ್ದ ನಡತೆಯನ್ನು ಎಂಟನೆಯ ಹೆನ್ರಿಯ ಪಾರ್ಲಿಮೆಂಟು 1533ರಲ್ಲಿ ಮರಣದಂಡನೆಗೆ ಅರ್ಹವಾದ ಅಪರಾಧವನ್ನಾಗಿ ಮಾಡಿತು. ಈ ಕಾರಣಕ್ಕೆ ಇಂಗ್ಲೆಂಡಿನಲ್ಲಿ ಕೊನೆಯ ಬಾರಿ ಇಬ್ಬರನ್ನು ಗಲ್ಲಿಗೇರಿಸಿದ್ದು 1835ರಲ್ಲಿ, ಇದೇ ಲಂಡನ್ನಿನಲ್ಲಿ. 1861ರಲ್ಲಿ ಇಲ್ಲಿ ಮರಣದಂಡನೆಯ ಬದಲು ಸೆರೆವಾಸ ಬಂತು. ಅದಕ್ಕೆ ಒಂದು ವರ್ಷ ಮೊದಲೇ, 1860ರ ಭಾರತೀಯ ದಂಡ ಸಂಹಿತೆಯ 377ನೆಯ ಕಲಮಿನ ರೂಪದಲ್ಲಿ ಅದೇ ಕಟ್ಟಳೆ ನಮ್ಮ ನಾಡಿಗೆ ಕಾಲಿಟ್ಟಿತ್ತು. ಅನಾದಿಕಾಲದಿಂದ ಬಂದ ಸಂಪ್ರದಾಯವೆಂದು ನಮ್ಮಲ್ಲಿ ಅನೇಕರು ನಂಬಿರುವ ನಿಷೇಧದ ಒಂದು ಬೇರು ವೆಸ್ಟ್‌ಮಿನ್‌ಸ್ಟರಿನಲ್ಲಿದೆ ಎಂಬುದನ್ನು ಮರೆಯಲಾಗದು.

ಕಾನೂನಿನ ಬಿಗಿ ಸಡಿಲಿಸುವಂತೆ ಮೊದಲು ಕೇಳಿದವರಲ್ಲಿ ಚರ್ಚಿನವರೂ ಇದ್ದರೆಂಬುದು ಸೋಜಿಗದ ಸಂಗತಿ. 1954ರಲ್ಲಿ ಚರ್ಚಿನ ನೈತಿಕ ಕಲ್ಯಾಣ ಮಂಡಳಿಯು ಸುಧಾರಣೆಯ ಪರವಾಗಿ ಮಾತನಾಡಿತು. ಮರುವರ್ಷ ಡೆರಿಕ್ ಶರ್ವಿನ್ ಬೈಲಿ ಎಂಬ ಪಾದ್ರಿ, ಸಲಿಂಗಪ್ರೇಮದ ಬಗೆಗಿನ ಕ್ರೈಸ್ತ ಪರಂಪರೆಯನ್ನೇ ಮರುಪರಿಶೀಲಿಸಿದ ಗ್ರಂಥವನ್ನು ಪ್ರಕಟಿಸಿದರು. 1957ರಲ್ಲಿ ವುಲ್ಫೆಂಡನ್ ಸಮಿತಿಯ ವರದಿ ಬಂತು. ಹತ್ತು ವರ್ಷಗಳ ನಂತರ, 1967ರಲ್ಲಿ, 21 ವರ್ಷ ದಾಟಿದ ಪುರುಷರ ಖಾಸಗಿ ಸಂಬಂಧ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಅಪರಾಧವಲ್ಲವೆಂದಾಯಿತು. ಆರ್ಚ್‌ಬಿಷಪ್ ಮೈಕಲ್ ರ‍್ಯಾಮ್ಸೆ ಇದಕ್ಕೆ ಬೆಂಬಲವಿತ್ತರು. ಆದರೆ ಅವರ ವಾದ, ಪಾಪವೆಲ್ಲ ಅಪರಾಧವಾಗಬೇಕಿಲ್ಲ ಎಂಬುದಷ್ಟೆ. ಸೆರೆಮನೆಯ ಬಾಗಿಲು ತೆರೆಯಿತು. ಚರ್ಚಿನ ಬಾಗಿಲು ಮುಚ್ಚಿಯೇ ಇತ್ತು.

ಆ ಬಾಗಿಲನ್ನು ತಟ್ಟಿದವರು 1976ರಲ್ಲಿ ಗೇ ಕ್ರಿಶ್ಚಿಯನ್ ಮೂವ್‌ಮೆಂಟ್ ಎಂಬ ಸಂಸ್ಥೆಯನ್ನು ಕಟ್ಟಿದರು. ಮುಂದೆ ಲೆಸ್ಬಿಯನ್ ಅಂಡ್ ಗೇ ಕ್ರಿಶ್ಚಿಯನ್ ಮೂವ್‌ಮೆಂಟ್ ಎಂದು ಹೆಸರಾದ ಇದರ ಮುಖ್ಯ ಚಾಲಕ ರಿಚರ್ಡ್ ಕರ್ಕರ್. ಡೀಕನ್ ಆಗಿದ್ದ ಅವರಿಗೆ, ತಾವು ಸಲಿಂಗಪ್ರೇಮಿಯೆಂದು ಮುಚ್ಚಿಡದ ಕಾರಣಕ್ಕೆ, ಪೂರ್ಣ ಪಾದ್ರಿಯ ದೀಕ್ಷೆ ದೊರೆಯಲಿಲ್ಲ. ಆಲ್ಡ್‌ಗೇಟಿನ ಸೇಂಟ್ ಬೊಟಾಲ್ಫ್ ಚರ್ಚಿನಲ್ಲಿ ಸಂಸ್ಥೆಗೆ ಕಚೇರಿಯ ಆಶ್ರಯ ಸಿಕ್ಕಿತು. 1987ರ ನವೆಂಬರಿನಲ್ಲಿ ಚರ್ಚಿನ ಮಹಾಸಭೆಯಾದ ಜನರಲ್ ಸಿನಡ್, ಇಂಥ ಸಂಬಂಧಗಳು ಆದರ್ಶಕ್ಕೆ ಸಲ್ಲದವು, ಪಶ್ಚಾತ್ತಾಪಕ್ಕೆ ಕರೆಕೊಡಬೇಕಾದವು ಎಂದು ನಿರ್ಣಯಿಸಿತು. ಮರುವರ್ಷವೇ ಸಂಸ್ಥೆ ಸೇಂಟ್ ಬೊಟಾಲ್ಫಿನಿಂದ ಹೊರಬೀಳಬೇಕಾಯಿತು. ಕಚೇರಿ ಬಿಟ್ಟರೇ ಹೊರತು ಚರ್ಚನ್ನು ಅವರು ಬಿಡಲಿಲ್ಲ.

1991ರಲ್ಲಿ ಬಿಷಪ್ಪರು ಇನ್ನೊಂದು ಹೇಳಿಕೆ ಹೊರಡಿಸಿದರು. ಸಾಮಾನ್ಯ ಭಕ್ತರು ಆತ್ಮಸಾಕ್ಷಿಗನುಗುಣವಾಗಿ ಸಂಗಾತಿಯೊಡನೆ ಬಾಳುವುದಾದರೆ ಅವರನ್ನು ದೂರ ತಳ್ಳಬಾರದು. ಪಾದ್ರಿಗಳಿಗೆ ಮಾತ್ರ ಆ ಅವಕಾಶವಿಲ್ಲ. ಒಂದೇ ದೇವರ ಮುಂದೆ ಎರಡು ಅಳತೆ! 1998ರ ಲ್ಯಾಂಬೆತ್ ಸಮ್ಮೇಳನವು 526 ಮತಗಳಿಂದ, ಕೇವಲ 70 ವಿರೋಧ ಮತಗಳ ನಡುವೆ, ಸಲಿಂಗ ಸಂಬಂಧ ಧರ್ಮಗ್ರಂಥಕ್ಕೆ ವಿರುದ್ಧವೆಂದು ಘೋಷಿಸಿತು. ಆ ಬಹುಮತದಲ್ಲಿ ಆಫ್ರಿಕಾ, ಏಷ್ಯಾಗಳ ಬಿಷಪ್ಪರ ಪಾಲು ದೊಡ್ಡದು. ಒಂದು ಕಾಲದಲ್ಲಿ ಮಿಷನರಿಗಳು ಕಲಿಸಿದ ಪಾಠವನ್ನು ಶಿಷ್ಯರು ಗುರುಗಳಿಗೇ ಒಪ್ಪಿಸಿದಂತಿತ್ತು. ಸಮ್ಮೇಳನದ ಹೊರಗೆ ನೈಜೀರಿಯಾದ ಬಿಷಪ್ಪರೊಬ್ಬರು ಕರ್ಕರರ ತಲೆಯ ಮೇಲೆ ಕೈಯಿಟ್ಟು ದೆವ್ವ ಬಿಡಿಸಲು ಯತ್ನಿಸಿದರು. 2003ರಲ್ಲಿ ರೆಡಿಂಗಿನ ಬಿಷಪ್ಪರಾಗಿ ಹೆಸರಿಸಲ್ಪಟ್ಟ ಜೆಫ್ರಿ ಜಾನ್, ತಾವು ಬ್ರಹ್ಮಚರ್ಯ ಪಾಲಿಸುತ್ತಿರುವುದಾಗಿ ಹೇಳಿದರೂ, ಒತ್ತಡಕ್ಕೆ ಮಣಿದು ಹಿಂದೆ ಸರಿಯಬೇಕಾಯಿತು.

ಇತ್ತ ಕಾನೂನು ಮುಂದೆ ಸಾಗಿತ್ತು. 2005ರಲ್ಲಿ ಸಿವಿಲ್ ಪಾರ್ಟ್‌ನರ್‌ಶಿಪ್, 2014ರಲ್ಲಿ ವಿವಾಹ ಜಾರಿಗೆ ಬಂದವು. ಕ್ವೇಕರರು 2009ರಲ್ಲಿ, ಮೆಥಡಿಸ್ಟರು 2021ರಲ್ಲಿ ಸಲಿಂಗ ವಿವಾಹವನ್ನು ಒಪ್ಪಿದರು. ಆಂಗ್ಲಿಕನ್ ಬಿಷಪ್ಪರು 2023ರ ಜನವರಿಯಲ್ಲಿ ಹಿಂದಿನ ತಿರಸ್ಕಾರಕ್ಕಾಗಿ ಕ್ಷಮೆ ಕೋರಿದರು. ಅದೇ ಡಿಸೆಂಬರಿನಲ್ಲಿ ಸಲಿಂಗ ದಂಪತಿಗಳಿಗಾಗಿ ಆಶೀರ್ವಾದದ ಪ್ರಾರ್ಥನೆಗಳು ಬಳಕೆಗೆ ಬಂದವು. ಅಲ್ಲಿಗೆ 1976ರಿಂದ 47 ವರ್ಷಗಳು ಸಂದಿದ್ದವು.

ವೈದ್ಯರಾದ ನಾವು ಇಲ್ಲಿ ಒಂದು ಮಾತು ಸೇರಿಸಲೇಬೇಕು. ವೈದ್ಯಶಾಸ್ತ್ರವೂ ಬಹುಕಾಲ ಚರ್ಚಿನ ಹಾದಿಯಲ್ಲೇ ನಡೆದಿತ್ತು. ಪಾಪವನ್ನು ರೋಗವೆಂದು ಕರೆದಿತ್ತು, ಅಷ್ಟೆ. 1960ರ ದಶಕದಲ್ಲಿ ಈ ದೇಶದ ಆಸ್ಪತ್ರೆಗಳಲ್ಲಿ ವಿದ್ಯುತ್ ಆಘಾತ ಕೊಟ್ಟು ಒಲವನ್ನು ಬದಲಿಸುವ ಪ್ರಯತ್ನಗಳು ನಡೆದವು. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘ, 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆದವು. ಇದು ರೋಗವಲ್ಲವೆಂದು 2018ರಲ್ಲಿ ಭಾರತೀಯ ಮನೋವೈದ್ಯರ ಸಂಘವೂ ಸಾರಿತು. ರೋಗವಲ್ಲದ ಮೇಲೆ ಚಿಕಿತ್ಸೆಯೆಲ್ಲಿಯದು? 'ಮದುವೆ ಮಾಡಿದರೆ ಸರಿಹೋಗುತ್ತದೆ' ಎಂಬುದೂ ಅಂಥದೇ ಒಂದು ಚಿಕಿತ್ಸೆ; ಅದರಿಂದ ಇಬ್ಬರ ಬಾಳು ಕೆಡುತ್ತದೆ.

2014ರಲ್ಲಿ ಇಂಗ್ಲೆಂಡಿನ ನಗರವೊಂದರಲ್ಲಿ ಹದಿಹರೆಯದ ಕ್ರೈಸ್ತ ಬಾಲಕಿಯೊಬ್ಬಳು ತನ್ನ ಒಲವನ್ನೂ ಭಕ್ತಿಯನ್ನೂ ಹೊಂದಿಸಲಾರದೆ, ಹೆತ್ತವರಿಗೆ ಹೇಳಲಾರದೆ ಪ್ರಾಣ ಕಳೆದುಕೊಂಡಳು. ಅವಳ ಹೆತ್ತವರು ಕಟುಕರಾಗಿರಲಿಲ್ಲ. ಅವಳ ಚರ್ಚಿನಲ್ಲಿ ಯಾರೂ ದ್ವೇಷದ ಉಪದೇಶ ಮಾಡುತ್ತಿರಲಿಲ್ಲ. ಆ ವಿಷಯವನ್ನು ಅಲ್ಲಿ ಯಾರೂ ಎತ್ತುತ್ತಲೇ ಇರಲಿಲ್ಲ. ಮೌನವನ್ನು ಆ ಮಗು ತಿರಸ್ಕಾರವೆಂದು ಓದಿಕೊಂಡಿತು. ಆಮೇಲೆ ಆ ಚರ್ಚು ಎಲ್ಲರಿಗೂ ಸ್ವಾಗತವೆಂದು ಬಾಯಿಬಿಟ್ಟು ಹೇಳತೊಡಗಿತು.

ಬಂಧುಗಳೆ, 377ನೆಯ ಕಲಮು ಒಮ್ಮತದ ಸಂಬಂಧಗಳಿಗೆ ಅನ್ವಯಿಸದೆಂದು ಭಾರತದ ಸರ್ವೋಚ್ಚ ನ್ಯಾಯಾಲಯ 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ಅಲ್ಲಿಗೆ ನಮ್ಮ ಎರಡೂ ನಾಡುಗಳಲ್ಲಿ ಶಿಕ್ಷೆಯ ಭಯ ತೊಲಗಿತು. ಆದರೆ ಕಾನೂನು ಶಿಕ್ಷೆಯನ್ನು ತೆಗೆಯಬಲ್ಲದೇ ಹೊರತು, ಪಂಕ್ತಿಯಲ್ಲಿ ಎಲೆ ಹಾಕಲಾರದು. ಆ ಕೆಲಸ ನಮ್ಮವರದೇ. ಗಣೇಶನ ಹಬ್ಬಕ್ಕೆ, ಕ್ರಿಸ್‌ಮಸ್ಸಿಗೆ, ರಾಜ್ಯೋತ್ಸವಕ್ಕೆ ನಾವು ನೆರೆಯುವಾಗ ನಮ್ಮ ಮಕ್ಕಳಲ್ಲಿಯೂ ಇಂಥವರು ಇದ್ದಾರೆ. ಹಿರಿಯರ ಹಗುರ ಮಾತುಗಳನ್ನು, ನಗೆಚಾಟಿಕೆಗಳನ್ನು ಅವರು ಕಿವಿಗೊಟ್ಟು ಆಲಿಸುತ್ತಿರುತ್ತಾರೆ. ಕೇಳುವ ಧೈರ್ಯ ಅವರಿಗೆ ಬರುವ ಮೊದಲೇ ಹೇಳುವ ಹೊಣೆ ಹಿರಿಯರಾದ ನಮ್ಮ ಮೇಲಿದೆ. ಚರ್ಚಿಗೆ ಹಿಡಿದ 47 ವರ್ಷಗಳು ನಮ್ಮ ಮನೆಗಳಿಗೆ ಬೇಕಾಗದಿರಲಿ.