ಬಾಯಿ ನುಡಿಯದ್ದನ್ನು ಕೈ ಬರೆದಾಗ: ಯೆಹೂದಿ ಲಿಪಿಕಾರರು ಮತ್ತು ದೇವನಾಮ

ಯೆಹೂದಿ ಪರಂಪರೆಯ ದೇವನಾಮಗಳ ಚರ್ಚೆ ಹೆಚ್ಚಾಗಿ ಉಚ್ಚಾರಣೆಯ ನಿಷೇಧದ ಸುತ್ತಲೇ ನಡೆದಿದೆ. ಯೋದ್, ಹೇ, ವಾವ್, ಹೇ ಎಂಬ ನಾಲ್ಕಕ್ಷರಗಳ ಹೆಸರು ಎದುರಾದಾಗ ಪ್ರಾರ್ಥನೆಯಲ್ಲಿ ‘ಅದೋನಾಯ್’ ಎಂದು ಓದುತ್ತಾರೆ. ಮಾತುಕತೆಯಲ್ಲಿ ‘ಹಶೆಮ್’ ಎನ್ನುತ್ತಾರೆ. ಆದರೆ ಈ ಮರ್ಯಾದೆ ಬೆಳೆದು ಬಂದ ಬಗೆಯನ್ನು ತಿಳಿಯಲು ಲಿಪಿಕಾರರ ಕೈಬರಹವೇ ನಮಗಿರುವ ಗಟ್ಟಿ ಆಧಾರ.

ಮೊದಲಿಗೆ ಇಂಥ ಸಂಕೋಚವೇನೂ ಕಾಣುವುದಿಲ್ಲ. ಕ್ರಿ.ಪೂ. 6ನೇ ಶತಮಾನದ ಆರಂಭದಲ್ಲಿ ಮಡಕೆಯ ಚೂರುಗಳ ಮೇಲೆ ಶಾಯಿಯಿಂದ ಬರೆದ ಲಾಖೀಶ್ ಪತ್ರಗಳಲ್ಲಿ, ಮೇಲಧಿಕಾರಿಗೆ ಕ್ಷೇಮ ಕೋರುವ ಸಾಲಿನಲ್ಲೇ ಆ ಹೆಸರಿದೆ.

ಬದಲಾವಣೆ ಕಣ್ಣಿಗೆ ಕಾಣುವುದು ಮೃತ ಸಮುದ್ರದ ಸುರುಳಿಗಳಲ್ಲಿ. 1947ರಲ್ಲಿ ಕುಮ್ರಾನ್ ಗುಹೆಯಲ್ಲಿ ದೊರೆತ ಯೆಶಾಯನ ಮಹಾಸುರುಳಿಯ ಮೂಲ ಲಿಪಿಕಾರ ಈ ಹೆಸರನ್ನು ಉಳಿದ ಪದಗಳಂತೆಯೇ ಬರೆದುಕೊಂಡು ಹೋಗಿದ್ದಾನೆ. 40ನೇ ಅಧ್ಯಾಯದಲ್ಲಿ ಅವನು ಬಿಟ್ಟಿದ್ದ ಮಾತನ್ನು ಇನ್ನೊಂದು ಕೈ ಸೇರಿಸಿದೆ. ಹೆಸರು ಬರಬೇಕಾದ ಜಾಗದಲ್ಲಿ ಆ ಕೈ ಇಟ್ಟಿರುವುದು ನಾಲ್ಕು ಚುಕ್ಕೆಗಳನ್ನು ಮಾತ್ರ. ಒಂದೇ ಚರ್ಮದ ಮೇಲೆ ಎರಡು ಮನೋಧರ್ಮಗಳು! ಹಬಕ್ಕೂಕನ ವ್ಯಾಖ್ಯಾನದ ಸುರುಳಿಯ ದಾರಿ ಮತ್ತೊಂದು: ಸುತ್ತಲಿನ ಬರಹವೆಲ್ಲ ಚೌಕ ಲಿಪಿಯಲ್ಲಿದ್ದರೂ ದೇವನಾಮ ಮಾತ್ರ ಹಳೆಯ ಹೀಬ್ರೂ ಲಿಪಿಯಲ್ಲಿದೆ. ಓದುವವನ ಕಣ್ಣು ಅಲ್ಲಿ ತಡೆದು ನಿಲ್ಲಲೇಬೇಕು. ಇದನ್ನು ಬರಿಯ ಭಯವೆನ್ನಲು ನನಗೆ ಮನಸ್ಸಿಲ್ಲ. ಇದು ಯೋಚಿಸಿ ರೂಪಿಸಿದ ಗೌರವ.

ಜೆರುಸಲೇಮಿನ ದೇವಾಲಯದಲ್ಲಿ ಪ್ರಾಯಶ್ಚಿತ್ತದ ಹಬ್ಬವಾದ ಯೋಮ್ ಕಿಪ್ಪುರ್ ದಿನ ಮಹಾಯಾಜಕನ ಬಾಯಿಂದ ಆ ಹೆಸರು ಕೇಳಿಬಂದಾಗ ಜನ ಸಾಷ್ಟಾಂಗ ಬೀಳುತ್ತಿದ್ದರೆಂದು ಯೆಹೂದಿ ಧರ್ಮವಿಧಿಗಳ ಸಂಕಲನವಾದ ಮಿಶ್ನಾ ಹೇಳುತ್ತದೆ. ಕ್ರಿ.ಶ. 70ರಲ್ಲಿ ದೇವಾಲಯ ನಾಶವಾಯಿತು. ಆ ಮೇಲೆ ಹೆಸರಿನ ಹೊಣೆ ಬಹುಪಾಲು ಲಿಪಿಕಾರನ ಮೇಲೆಯೇ ಬಿತ್ತು.

12ನೇ ಶತಮಾನದ ಯೆಹೂದಿ ಪಂಡಿತ ಮೈಮೊನಿಡೀಸ್ ತನ್ನ ಧರ್ಮಸಂಹಿತೆಯಲ್ಲಿ ವಿಧಿಸಿದ್ದು ಹೀಗೆ: ತೋರಾ ಸುರುಳಿಯಲ್ಲಿ ದೇವನಾಮ ಬರೆಯುತ್ತಿರುವಾಗ ಇಸ್ರಾಯೇಲಿನ ಅರಸನೇ ಬಂದು ವಂದಿಸಿದರೂ ಲಿಪಿಕಾರ ಉತ್ತರ ಕೊಡಕೂಡದು. ಎರಡು ಮೂರು ನಾಮಗಳು ಒಟ್ಟಿಗೆ ಬಂದರೆ, ಒಂದನ್ನು ಮುಗಿಸಿ ಮುಂದಿನದಕ್ಕೆ ಹೋಗುವ ನಡುವೆ ಉತ್ತರಿಸಬಹುದು. ಇಂದಿಗೂ ಲಿಪಿಕಾರರು ಈ ಹೆಸರನ್ನು ಬರೆಯುವ ಮುನ್ನ ಅದರ ಪಾವಿತ್ರ್ಯಕ್ಕಾಗಿ ಬರೆಯುತ್ತಿದ್ದೇನೆಂಬ ಸಂಕಲ್ಪ ಮಾಡುತ್ತಾರೆ. ಅಳಿಸಬಾರದ ಏಳು ನಾಮಗಳನ್ನೂ ಮೈಮೊನಿಡೀಸ್ ಗುರುತಿಸಿದ್ದಾನೆ.

ಅಳಿಸಬಾರದೆಂದ ಮೇಲೆ ಸವೆದ ಹಾಳೆಗಳನ್ನು ಎಸೆಯುವಂತೆಯೂ ಇಲ್ಲ. ಅವನ್ನು ಇರಿಸುವ ಕೋಣೆಯೇ ಗೆನೀಝಾ. ಕೈರೋದ ಬೆನ್ ಎಜ್ರಾ ಸಿನಗಾಗ್‌ನಲ್ಲಿ ವ್ಯಾಪಾರದ ಪತ್ರ, ಮದುವೆಯ ಕರಾರುಗಳೂ ಇದೇ ಕೋಣೆ ಸೇರಿದವು. ವಿದ್ವಾಂಸ ಸೊಲೊಮನ್ ಶೆಕ್ಟರ್ 1896–97ರಲ್ಲಿ ಅವುಗಳ ಬಹುಭಾಗವನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಅದೇ ಗೆನೀಝಾದ ಹಾಳೆಗಳ ನಡುವೆ ಮೈಮೊನಿಡೀಸನ ಸ್ವಹಸ್ತದ ಕರಡುಗಳೂ ದೊರೆತಿವೆ.