ಮನೆಯ ಕಂಪ್ಯೂಟರಿಗೆ ಕಾವಲು: ನಲವತ್ತು ವರ್ಷಗಳ ಕಥೆ

ಮನ್ಮಾಡ್ ಜಂಕ್ಷನ್ ಎಂದರೆ ನಮ್ಮವರಲ್ಲಿ ಬಹುಮಂದಿಗೆ ರೈಲಿನ ಕಿಟಕಿಯಿಂದ ಕಂಡ ಊರು. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಉತ್ತರಕ್ಕೆ ಹೋಗುವವರು ದೌಂಡ್ ದಾಟಿ ಇಲ್ಲಿಗೆ ಬಂದು ಮುಂಬಯಿಯ ಮುಖ್ಯ ಮಾರ್ಗವನ್ನು ಸೇರುತ್ತಾರೆ. ಇದೇ ಜಂಕ್ಷನ್ನಿನಿಂದ ಕವಲೊಡೆದ ಇನ್ನೊಂದು ಹಳಿ ಛತ್ರಪತಿ ಸಂಭಾಜಿನಗರದ ಕಡೆಗೆ ಹೋಗುತ್ತದೆ. ಆ ಊರು ಬರುವುದಕ್ಕೆ ಸ್ವಲ್ಪ ಮೊದಲು ದೌಲತಾಬಾದ್ ನಿಲ್ದಾಣ. ಅಲ್ಲಿರುವುದೇ ದೇವಗಿರಿ ದುರ್ಗ. ಕನ್ನಡದಲ್ಲಿಯೂ ಅನೇಕ ಶಾಸನಗಳನ್ನು ಬರೆಸಿದ ಸೇವುಣ ಅರಸರ ರಾಜಧಾನಿ.

೧೨೯೬ರಲ್ಲಿ ಅಲ್ಲಾವುದ್ದೀನ್ ಖಿಲ್ಜಿ ಈ ದುರ್ಗವನ್ನು ಮುತ್ತಿದ ಕಥೆ ಚರಿತ್ರೆ ಓದಿದವರಿಗೆಲ್ಲ ತಿಳಿದದ್ದು. ಗೋಡೆ ಒಡೆದು ದುರ್ಗ ಬಿದ್ದದ್ದಲ್ಲ. ತನ್ನ ಹಿಂದೆ ದೆಹಲಿಯ ದೊಡ್ಡ ಸೈನ್ಯ ಬರುತ್ತಿದೆ ಎಂದು ಮುತ್ತಿದವನು ಸುಳ್ಳು ಸುದ್ದಿ ಹಬ್ಬಿಸಿದನಂತೆ. ಅವಸರದಲ್ಲಿ ಒಳಕ್ಕೆ ಸಾಗಿಸಿದ ಧಾನ್ಯದ ಮೂಟೆಗಳನ್ನು ಬಿಚ್ಚಿ ನೋಡಿದರೆ ಅವುಗಳಲ್ಲಿ ಇದ್ದದ್ದು ಉಪ್ಪು ಎಂದು ಚರಿತ್ರಕಾರ ಫಿರಿಶ್ತಾ ಬರೆದಿದ್ದಾನೆ. ಸುಳ್ಳು ಸುದ್ದಿಯನ್ನು ನಂಬಿದ್ದು ಒಂದು, ಒಳಗೆ ಬಂದ ಮೂಟೆಯನ್ನು ಬಿಚ್ಚಿ ನೋಡದೇ ಇದ್ದದ್ದು ಇನ್ನೊಂದು. ಭದ್ರವಾದ ಗೋಡೆಯನ್ನು ನಿಷ್ಫಲಗೊಳಿಸಲು ಇವೆರಡೇ ಸಾಕಾದವು.

ಇಂದು ನಮ್ಮ ಮನೆಮನೆಯ ಕಂಪ್ಯೂಟರೂ ಒಂದು ಪುಟ್ಟ ದುರ್ಗವೇ. ಬ್ಯಾಂಕಿನ ವ್ಯವಹಾರ, ಪಿಂಚಣಿಯ ಕಾಗದ, ಮಕ್ಕಳ ಅಂಕಪಟ್ಟಿ, ಊರಿನ ಜಮೀನಿನ ಪಹಣಿ, ಅಜ್ಜಿಯ ಕೊನೆಯ ಭಾವಚಿತ್ರ, ಎಲ್ಲವೂ ಅದರೊಳಗೆ. ಊರು ಬಿಟ್ಟು ಬಂದವರಿಗೆ ಇವು ಕಳೆದುಹೋದರೆ ಮತ್ತೆ ಹೋಗಿ ತರುವುದು ಸುಲಭವಲ್ಲ. ಆದ್ದರಿಂದಲೇ ಯಾವ ಆಂಟಿವೈರಸ್ ಒಳ್ಳೆಯದು, ದುಡ್ಡು ಕೊಟ್ಟು ಕೊಳ್ಳಬೇಕೆ, ಪುಕ್ಕಟೆಯದು ಸಾಕೆ ಎಂಬ ಪ್ರಶ್ನೆಯನ್ನು ಅನೇಕರು ಕೇಳುತ್ತಾರೆ. ಇದಕ್ಕೆ ಉತ್ತರ ಜಾಹೀರಾತಿನಲ್ಲಿ ಸಿಗುವುದಿಲ್ಲ. ಈ ಕಾವಲುಗಾರರ ಚರಿತ್ರೆಯನ್ನೇ ಸ್ವಲ್ಪ ತಿರುವಿ ನೋಡಬೇಕು.

ಕಥೆ ಆರಂಭವಾಗುವುದು ೧೯೭೧ರಲ್ಲಿ. ಅಮೆರಿಕದ ಅರ್ಪಾನೆಟ್ ಜಾಲದಲ್ಲಿ ಬಾಬ್ ಥಾಮಸ್ ಎಂಬ ತಜ್ಞ ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನೇ ಸಾಗುವ 'ಕ್ರೀಪರ್' ಎಂಬ ಪ್ರೋಗ್ರಾಮನ್ನು ಪ್ರಯೋಗಕ್ಕಾಗಿ ಬರೆದ. ಅದನ್ನು ಹುಡುಕಿ ಅಳಿಸಲು 'ರೀಪರ್' ಎಂಬ ಇನ್ನೊಂದು ಪ್ರೋಗ್ರಾಮ್ ಹುಟ್ಟಿತು. ಹೀಗೆ ಕಳ್ಳನೂ ಕಾವಲುಗಾರನೂ ಒಂದೇ ತೊಟ್ಟಿಲಲ್ಲಿ ಬೆಳೆದವರು.

೧೯೮೩ರಲ್ಲಿ ಫ್ರೆಡ್ ಕೋಹೆನ್ ಎಂಬ ವಿದ್ಯಾರ್ಥಿ ಇಂಥ ಪ್ರೋಗ್ರಾಮುಗಳನ್ನು ಪ್ರಯೋಗ ಮಾಡಿ ತೋರಿಸಿದ. 'ವೈರಸ್' ಎಂಬ ಹೆಸರು ಆಗ ಬಳಕೆಗೆ ಬಂತು. ಆತ ಇನ್ನೊಂದು ದೊಡ್ಡ ಮಾತನ್ನೂ ಗಣಿತದಿಂದ ಸಿದ್ಧಪಡಿಸಿದ: ಎಲ್ಲ ವೈರಸ್ಸುಗಳನ್ನೂ ತಪ್ಪದೆ ಹಿಡಿಯುವ ಪ್ರೋಗ್ರಾಮನ್ನು ಬರೆಯುವುದು ಸಾಧ್ಯವೇ ಇಲ್ಲ. ತರ್ಕ ಸರಳವಾದದ್ದು. ಅಂಥ ಪರಿಪೂರ್ಣ ಪರೀಕ್ಷಕ ಒಬ್ಬ ಇದ್ದಾನೆ ಎನ್ನೋಣ. 'ನಾನು ವೈರಸ್ಸೋ ಅಲ್ಲವೋ' ಎಂದು ಅವನನ್ನೇ ಕೇಳಿ, ಅವನು ಹೇಳಿದ್ದಕ್ಕೆ ವಿರುದ್ಧವಾಗಿ ನಡೆದುಕೊಳ್ಳುವ ಪ್ರೋಗ್ರಾಮನ್ನು ಬರೆಯಬಹುದಲ್ಲವೆ? ಆಗ ಪರೀಕ್ಷಕ ಏನು ಹೇಳಿದರೂ ಸುಳ್ಳಾಗುತ್ತದೆ. ಆದುದರಿಂದ 'ನೂರಕ್ಕೆ ನೂರು ರಕ್ಷಣೆ' ಎಂದು ಡಬ್ಬಿಯ ಮೇಲೆ ಬರೆದುಕೊಂಡವನನ್ನು ನಾವು ಅಲ್ಲಿಯೇ ಸಂದೇಹಿಸಬೇಕು.

ನಮ್ಮ ನೆರೆಗೆ ಈ ಪಿಡುಗು ಬಂದದ್ದು ೧೯೮೬ರಲ್ಲಿ, ಲಾಹೋರಿನಿಂದ. ಅಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಆಲ್ವಿ ಸಹೋದರರು 'ಬ್ರೇನ್' ಎಂಬ ವೈರಸ್ ಬರೆದರು. ಅದರೊಳಗೆ ತಮ್ಮ ವಿಳಾಸವನ್ನೂ ದೂರವಾಣಿ ಸಂಖ್ಯೆಯನ್ನೂ ಹಾಕಿದ್ದರು! ಐ.ಬಿ.ಎಂ. ಮಾದರಿಯ ಪಿ.ಸಿ.ಗಳಲ್ಲಿ ಹರಡಿದ ಮೊದಲ ವೈರಸ್ ಅದೇ. ಭಾರತದಲ್ಲಿ ೧೯೮೪ರ ಹೊಸ ಕಂಪ್ಯೂಟರ್ ನೀತಿಯ ಬಳಿಕ ಯಂತ್ರಗಳು ಕಚೇರಿ ಕಾಲೇಜುಗಳಿಗೆ ಬರತೊಡಗಿದ್ದವು. ೧೯೯೦ರಲ್ಲಿ ನಮ್ಮ ದೇಶದಲ್ಲಿಯೇ ಕಂಡುಬಂದದ್ದು 'ಜೋಶಿ' ವೈರಸ್. ಜನವರಿ ೫ರಂದು ಯಂತ್ರ ನಿಂತುಬಿಡುತ್ತಿತ್ತು. ಜೋಶಿಗೆ ಇಂಗ್ಲಿಷಿನಲ್ಲಿ ಹುಟ್ಟುಹಬ್ಬದ ಶುಭಾಶಯ ಟೈಪು ಮಾಡಿದರೆ ಮಾತ್ರ ಮುಂದುವರಿಯುತ್ತಿತ್ತು. ಇವೆಲ್ಲ ಫ್ಲಾಪಿಯ ಮೇಲೆ ಟಿಕೆಟ್ಟಿಲ್ಲದೆ ಪ್ರಯಾಣ ಮಾಡಿದವು.

ಆಗಿನ ಆಂಟಿವೈರಸ್ ಕೆಲಸ ಮಾಡುತ್ತಿದ್ದ ರೀತಿ ಪೊಲೀಸ್ ಠಾಣೆಯ ಕಳ್ಳರ ಭಾವಚಿತ್ರದ ಫಲಕದಂತೆ. ಪ್ರತಿ ವೈರಸ್ಸಿನ ಗುರುತನ್ನು ಪಟ್ಟಿ ಮಾಡಿಕೊಂಡು, ಪ್ರತಿ ಫೈಲನ್ನೂ ಅದಕ್ಕೆ ಹೋಲಿಸಿ ನೋಡುವುದು. ಪಟ್ಟಿಯಲ್ಲಿ ಇಲ್ಲದ ಕಳ್ಳ ರಾಜಾರೋಷವಾಗಿ ಒಳಗೆ ಬರಬಹುದು. ಇಂದು ಪ್ರೋಗ್ರಾಮಿನ ನಡತೆಯನ್ನು ಗಮನಿಸಿ ಹಿಡಿಯುವ ಉಪಾಯಗಳು ಸೇರಿವೆ. ಆದರೂ ಪಟ್ಟಿ ಹಳತಾದರೆ ಕಾವಲುಗಾರ ಅರ್ಧ ಕುರುಡ.

೧೯೯೨ರ ಮಾರ್ಚ್ ೬ರಂದು 'ಮೈಕೆಲ್ಯಾಂಜೆಲೊ' ವೈರಸ್ ಲಕ್ಷಗಟ್ಟಲೆ ಯಂತ್ರಗಳನ್ನು ಅಳಿಸಿಬಿಡುತ್ತದೆಂದು ಜಗತ್ತಿನಾದ್ಯಂತ ಗುಲ್ಲೆದ್ದಿತು. ಆ ದಿನ ಹಾನಿಯಾದದ್ದು ಸಾವಿರಗಳ ಲೆಕ್ಕದಲ್ಲಿ. ಆದರೆ ಭೀತಿಯಿಂದ ಆಂಟಿವೈರಸ್ ಮಾರಾಟ ಮಾತ್ರ ಭರ್ಜರಿಯಾಯಿತು. ಭಯವನ್ನೂ ಮಾರಬಹುದೆಂದು ವ್ಯಾಪಾರಿಗಳು ಕಲಿತದ್ದು ಆಗಲೇ.

ಆದರೆ ಅದೇ ಮೈಕೆಲ್ಯಾಂಜೆಲೊವಿನಿಂದ ಮಹಾರಾಷ್ಟ್ರದಲ್ಲಿ ಒಂದು ಒಳ್ಳೆಯ ಕೆಲಸವೂ ಆಯಿತು. ಸಾತಾರಾ ಜಿಲ್ಲೆಯ ರಹಿಮತ್‌ಪುರದ ಮೂಲದ ಕೈಲಾಸ್ ಕಾಟ್ಕರ್ ಹತ್ತನೆಯ ತರಗತಿಗೆ ಓದು ನಿಲ್ಲಿಸಿ ಪುಣೆಯಲ್ಲಿ ಕ್ಯಾಲ್ಕ್ಯುಲೇಟರ್ ರಿಪೇರಿ ಮಾಡುತ್ತಿದ್ದವರು. ಕಂಪ್ಯೂಟರ್ ವಿಜ್ಞಾನ ಓದುತ್ತಿದ್ದ ತಮ್ಮ ಸಂಜಯ್ ಆ ವೈರಸ್ಸನ್ನು ತೆಗೆಯುವ ಪ್ರೋಗ್ರಾಮ್ ಬರೆದರು. ಅದೇ ಬೆಳೆದು ೧೯೯೫ರಲ್ಲಿ 'ಕ್ವಿಕ್ ಹೀಲ್' ಆಯಿತು. ೨೦೧೬ರಲ್ಲಿ ಆ ಕಂಪನಿ ಷೇರು ಮಾರುಕಟ್ಟೆಗೂ ಬಂತು. ಮುಂಬಯಿಯ 'ಇ-ಸ್ಕ್ಯಾನ್', ಚೆನ್ನೈಯ 'ಕೆ-೭' ಕೂಡ ನಮ್ಮ ದೇಶದ ಕಾವಲುಗಾರರೇ. ಇವು ಮನ್ಮಾಡಿನಂಥ ಊರಿಗೆ ಏಕೆ ಮುಖ್ಯವೆಂದರೆ, ಇಲ್ಲಿ ಯಂತ್ರ ಕೆಟ್ಟರೆ ಎಪ್ಪತ್ತು ಕಿಲೋಮೀಟರಿಗೂ ಮೇಲೆ ಇರುವ ನಾಸಿಕದತ್ತ ನೋಡಬೇಕಾಗುತ್ತದೆ. ತಿಳಿದ ಭಾಷೆಯಲ್ಲಿ ಫೋನಿನಲ್ಲಿ ಉತ್ತರ ಕೊಡುವವರು ಇದ್ದಾರೆಯೆ ಎಂಬುದು ಆಯ್ಕೆಯಲ್ಲಿ ಸಣ್ಣ ಸಂಗತಿಯೇನಲ್ಲ.

೧೯೯೫ರ ಆಗಸ್ಟ್ ೧೫ರಂದು ನಮ್ಮ ದೇಶದ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆಯಿತು. ಅಲ್ಲಿಂದ ಕಳ್ಳರಿಗೆ ಫ್ಲಾಪಿ ಬೇಕಾಗಲಿಲ್ಲ. ೨೦೦೦ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸಿನಿಂದ ಹೊರಟ 'ಐ ಲವ್ ಯೂ' ಎಂಬ ಇ-ಮೇಲ್ ಕೆಲವೇ ದಿನಗಳಲ್ಲಿ ಲೋಕವನ್ನು ಸುತ್ತಿತು. ಪರಿಚಿತರ ಹೆಸರಿನಲ್ಲಿ ಪ್ರೇಮಪತ್ರ ಬಂದರೆ ತೆರೆಯದವರು ಯಾರು? ದೇವಗಿರಿಯ ಸುಳ್ಳು ಸುದ್ದಿಯ ತಂತ್ರವೇ ಇದು. ಬರೆದವನನ್ನು ಶಿಕ್ಷಿಸಲು ಆ ದೇಶದಲ್ಲಿ ಕಾನೂನೇ ಇರಲಿಲ್ಲ. ನಮ್ಮಲ್ಲಿ ಅದೇ ವರ್ಷ ಅಕ್ಟೋಬರ್ ೧೭ರಂದು ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂತು. ಅದರ ೪೩ನೆಯ ಕಲಮು ಇನ್ನೊಬ್ಬರ ಯಂತ್ರಕ್ಕೆ ವೈರಸ್ ಸೇರಿಸಿದವನು ಪರಿಹಾರ ತೆರಬೇಕೆಂದು ವಿಧಿಸುತ್ತದೆ.

ಇದೇ ಹೊತ್ತಿಗೆ ಇನ್ನೊಂದು ಜಾತಿ ತಲೆಯೆತ್ತಿತು. ಇದು ಯಂತ್ರವನ್ನು ಕೆಡಿಸುವುದಿಲ್ಲ, ಸದ್ದು ಮಾಡುವುದಿಲ್ಲ. ಮೂಲೆಯಲ್ಲಿ ಕುಳಿತು ನಾವು ಏನು ನೋಡುತ್ತೇವೆ, ಏನು ಟೈಪು ಮಾಡುತ್ತೇವೆ ಎಂದು ಬರೆದು ಕಳಿಸುತ್ತದೆ. ಇದೇ ಸ್ಪೈವೇರ್, ಗೂಢಚಾರಿ ತಂತ್ರಾಂಶ. ಪುಕ್ಕಟೆ ಆಟ, ಪುಕ್ಕಟೆ ಹಾಡು ಎಂದು ಇಳಿಸಿಕೊಂಡ ಮೂಟೆಯೊಳಗೆ ಇದು ಇರುತ್ತಿತ್ತು. ಹಳೆಯ ಆಂಟಿವೈರಸ್ಸುಗಳು ಇದನ್ನು ರೋಗವೆಂದೇ ಎಣಿಸಲಿಲ್ಲ. ಆದ್ದರಿಂದ ೨೦೦೦ದ ಸುಮಾರಿಗೆ ಸ್ಟೀವ್ ಗಿಬ್ಸನ್ನನ 'ಆಪ್ಟ್‌ಔಟ್', ಪ್ಯಾಟ್ರಿಕ್ ಕೊಲ್ಲಾನ 'ಸ್ಪೈಬಾಟ್' ಮೊದಲಾದ ಬೇರೆ ಸಾಧನಗಳು ಬಂದವು. ಒಂದು ಯಂತ್ರಕ್ಕೆ ಎರಡು ಮೂರು ಕಾವಲು ಇಡುವ ರೂಢಿ ಹುಟ್ಟಿದ್ದು ಹೀಗೆ. ಇಂದಿನ ಆಂಟಿವೈರಸ್ಸುಗಳು ಎರಡೂ ಕೆಲಸ ಮಾಡುತ್ತವೆ. ಇಬ್ಬರು ಕಾವಲುಗಾರರನ್ನು ಇಟ್ಟರೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಯಂತ್ರ ನಿಧಾನವಾಗುತ್ತದೆ ಅಷ್ಟೇ.

೨೦೦೪ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಜೈಂಟ್ ಎಂಬ ಕಂಪನಿಯಿಂದ ಸ್ಪೈವೇರ್ ತಡೆಯುವ ತಂತ್ರಾಂಶವನ್ನು ಕೊಂಡಿತು. ಅದೇ ಮುಂದೆ 'ಡಿಫೆಂಡರ್' ಆಯಿತು. ೨೦೧೨ರಲ್ಲಿ ಬಂದ ವಿಂಡೋಸ್ ೮ರಿಂದ ಅದು ವೈರಸ್ಸನ್ನೂ ತಡೆಯುವ ಪೂರ್ಣ ಕಾವಲಾಗಿ ಯಂತ್ರದ ಜೊತೆಗೇ ಬರುತ್ತಿದೆ. ಆರಂಭದಲ್ಲಿ ದುರ್ಬಲವೆನಿಸಿದ್ದ ಅದು, ಜರ್ಮನಿಯ ಎ.ವಿ.-ಟೆಸ್ಟ್ ಸ್ವತಂತ್ರ ಪರೀಕ್ಷಾಲಯದಲ್ಲಿ ಈಚಿನ ವರ್ಷಗಳಲ್ಲಿ ಒಳ್ಳೆಯ ಅಂಕಗಳನ್ನೇ ಪಡೆಯುತ್ತಿದೆ. ಆದ್ದರಿಂದ ದುಡ್ಡು ಕೊಡದವನ ಮನೆ ಬಯಲಾಗಿದೆ ಎಂಬ ಮಾತು ಈಗ ನಿಜವಲ್ಲ. ಇದರ ನಡುವೆ, ೨೦೦೮-೦೯ರ ಸುಮಾರಿಗೆ, 'ನಿಮ್ಮ ಯಂತ್ರದಲ್ಲಿ ನೂರಾರು ವೈರಸ್ಸಿವೆ, ಕೂಡಲೇ ಹಣ ಕಟ್ಟಿ' ಎಂದು ಪರದೆಯ ಮೇಲೆ ಬೊಬ್ಬಿಡುವ ನಕಲಿ ಆಂಟಿವೈರಸ್ಸುಗಳ ಹಾವಳಿ ಹೆಚ್ಚಾಯಿತು. ಕಾವಲುಗಾರನ ಸಮವಸ್ತ್ರ ತೊಟ್ಟ ಕಳ್ಳ! ಆ ವೇಷ ಇನ್ನೂ ಚಾಲ್ತಿಯಲ್ಲಿದೆ. ತಾನಾಗಿ ಬಾಗಿಲಿಗೆ ಬಂದು ಹೆದರಿಸುವವನನ್ನು ಎಂದೂ ಕೆಲಸಕ್ಕೆ ಇಟ್ಟುಕೊಳ್ಳಬಾರದು.

೨೦೧೭ರ ಮೇ ೧೨ರ 'ವಾನ್ನಾಕ್ರೈ' ದಾಳಿ ಬೇರೆ ಪಾಠ ಕಲಿಸಿತು. ಸುಮಾರು ೧೫೦ ದೇಶಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಒತ್ತೆಹಣ ಕೇಳಿದ ಪಿಡುಗು ಅದು. ಆದರೆ ಅದು ನುಗ್ಗಿದ ಬಿರುಕನ್ನು ಮುಚ್ಚುವ ವಿಂಡೋಸ್ ಅಪ್‌ಡೇಟ್ ಎರಡು ತಿಂಗಳು ಮೊದಲು, ಮಾರ್ಚ್ ೧೪ರಂದೇ ಬಂದಿತ್ತು! ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಕಳ್ಳಪ್ರತಿಯ ವಿಂಡೋಸ್ ಹಾಕಿಸಿಕೊಂಡವರು ಅಪ್‌ಡೇಟಿಗೆ ಹೆದರಿ ಅದನ್ನು ನಿಲ್ಲಿಸಿಡುವುದುಂಟು. ಅಂಥ ಯಂತ್ರಕ್ಕೆ ಎಷ್ಟು ದುಬಾರಿಯ ಆಂಟಿವೈರಸ್ ಹಾಕಿದರೂ, ಹಿತ್ತಿಲ ಬಾಗಿಲು ತೆರೆದಿಟ್ಟು ಮುಂಬಾಗಿಲಿಗೆ ಬೀಗ ಜಡಿದಂತೆ. ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲವೂ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತೆಂಬುದನ್ನು ಹಳೆಯ ಯಂತ್ರವುಳ್ಳವರು ಗಮನಿಸಬೇಕು.

ಇನ್ನು ಕಾವಲುಗಾರನ ನಡತೆಯ ವಿಚಾರ. ಆಂಟಿವೈರಸ್ ತನ್ನ ಕೆಲಸ ಮಾಡಬೇಕಾದರೆ ಪ್ರತಿ ಫೈಲನ್ನೂ ಓದಬೇಕು, ಯಂತ್ರದ ಗರ್ಭಗುಡಿಯಲ್ಲಿಯೇ ಕೂರಬೇಕು. ಅಷ್ಟು ಅಧಿಕಾರ ಕೊಟ್ಟವನ ಮೇಲೂ ಕಣ್ಣಿರಬೇಡವೆ? ಕೋಟ್ಯಂತರ ಜನ ಪುಕ್ಕಟೆಯಾಗಿ ಬಳಸುತ್ತಿದ್ದ 'ಅವಾಸ್ಟ್' ತನ್ನ ಬಳಕೆದಾರರು ಯಾವ ಯಾವ ತಾಣ ನೋಡಿದರೆಂಬ ಮಾಹಿತಿಯನ್ನು ಅಂಗಸಂಸ್ಥೆಯ ಮೂಲಕ ಮಾರಿತ್ತೆಂದು ಅಮೆರಿಕದ ವ್ಯಾಪಾರ ಆಯೋಗ ೨೦೨೪ರ ಫೆಬ್ರವರಿಯಲ್ಲಿ ೧ ಕೋಟಿ ೬೫ ಲಕ್ಷ ಡಾಲರ್ ತೆರುವಂತೆ ಮಾಡಿತು. ಸ್ಪೈವೇರ್ ತಡೆಯಲೆಂದು ಇಟ್ಟವನೇ ಗೂಢಚಾರನಾದ ಕಥೆಯಿದು. ಅದೇ ವರ್ಷ ಜುಲೈ ೧೯ರಂದು 'ಕ್ರೌಡ್‌ಸ್ಟ್ರೈಕ್' ಎಂಬ ರಕ್ಷಣಾ ತಂತ್ರಾಂಶದ ಒಂದು ತಪ್ಪು ಅಪ್‌ಡೇಟಿನಿಂದ ಸುಮಾರು ೮೫ ಲಕ್ಷ ಯಂತ್ರಗಳು ನಿಂತುಹೋದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು.

ಇಷ್ಟು ಚರಿತ್ರೆಯಿಂದ ಮನೆಯ ಯಜಮಾನ ತಿಳಿಯಬೇಕಾದದ್ದು ಒಂದೇ: ಹೆಸರನ್ನು ನೋಡಿ ಕಾವಲುಗಾರನನ್ನು ಆರಿಸಬಾರದು, ಅವನ ದಿನಚರಿಯನ್ನು ನೋಡಿ ಆರಿಸಬೇಕು. ಅವನಿಗೆ ಪ್ರತಿದಿನ ಹೊಸ ಪಟ್ಟಿ ಬರುತ್ತದೆಯೆ? ಸ್ವತಂತ್ರ ಪರೀಕ್ಷೆಯಲ್ಲಿ ಹೇಗೆ ನಿಂತಿದ್ದಾನೆ? ಮನೆಯಿಂದ ಏನನ್ನು ಹೊರಗೆ ಒಯ್ಯುತ್ತಾನೆ? ಕರೆದರೆ ಓಗೊಡುತ್ತಾನೆಯೆ? ಮುಂದಿನ ವರ್ಷ ನವೀಕರಣಕ್ಕೆ ಎಷ್ಟು ಕೇಳುತ್ತಾನೆ? ವಿಂಡೋಸನ್ನು ನಿಯಮವಾಗಿ ಅಪ್‌ಡೇಟ್ ಮಾಡಿಕೊಂಡು ಎಚ್ಚರದಿಂದಿರುವ ಮನೆಗೆ ಡಿಫೆಂಡರ್ ಸಾಕಾಗುತ್ತದೆ. ಸಿಕ್ಕ ಸಿಕ್ಕ ಪೆನ್‌ಡ್ರೈವುಗಳು ಬಂದುಹೋಗುವ, ಮಕ್ಕಳು ಏನನ್ನಾದರೂ ಇಳಿಸುವ ಮನೆಯವರು ಫೋನಿನಲ್ಲಿ ನೆರವು ಕೊಡುವ ಒಂದನ್ನು ಹಣ ಕೊಟ್ಟು ಇಟ್ಟುಕೊಂಡರೆ ತಪ್ಪಿಲ್ಲ. ಆದರೆ ಯಾವುದಾದರೂ ಒಂದನ್ನೇ.

ಸರ್ಕಾರದ ಕಡೆಯಿಂದಲೂ ಸಹಾಯವಿದೆ. ೨೦೦೪ರಲ್ಲಿ ಆರಂಭವಾದ ಸರ್ಟ್-ಇನ್ ಸಂಸ್ಥೆ ೨೦೧೭ರ ಫೆಬ್ರವರಿಯಲ್ಲಿ 'ಸೈಬರ್ ಸ್ವಚ್ಛತಾ ಕೇಂದ್ರ'ವನ್ನು ತೆರೆದು, ಯಂತ್ರವನ್ನು ಶುದ್ಧಿಮಾಡುವ ಸಾಧನಗಳನ್ನು ಪುಕ್ಕಟೆಯಾಗಿ ಒದಗಿಸಿದೆ. ಮೋಸದಿಂದ ಹಣ ಹೋದರೆ ತಡಮಾಡದೆ ೧೯೩೦ಕ್ಕೆ ಫೋನು ಮಾಡಬೇಕು. ಮೊದಲ ಕೆಲವು ಗಂಟೆಗಳೇ ಬೆಲೆಯುಳ್ಳವು.

ಕೋಹೆನ್ನನ ಗಣಿತವನ್ನು ಮರೆಯದಿರೋಣ: ಯಾವ ಕಾವಲುಗಾರನೂ ಒಂದಲ್ಲ ಒಂದು ದಿನ ಸೋಲಬಹುದು. ಆದ್ದರಿಂದ ಮುಖ್ಯವಾದ ಕಾಗದ, ಭಾವಚಿತ್ರಗಳ ಒಂದು ಪ್ರತಿಯನ್ನು ಬೇರೆ ಹಾರ್ಡ್‌ಡಿಸ್ಕಿಗೆ ಇಳಿಸಿ, ಅದನ್ನು ಯಂತ್ರದಿಂದ ಕಳಚಿ ಬೀರುವಿನಲ್ಲಿಡಬೇಕು. ಈ ಬಾರಿ ರಜೆಯಲ್ಲಿ ಊರಿಗೆ ಹೋದಾಗ ತಂದೆತಾಯಿಗಳ ಕಂಪ್ಯೂಟರನ್ನೂ ಒಮ್ಮೆ ತೆರೆದು ನೋಡಿ ಬನ್ನಿ. ಅಲ್ಲಿಯ ಆಂಟಿವೈರಸ್ಸಿನ ಗಡುವು ಎಂದು ಮುಗಿಯಿತೆಂಬುದು ಅವರಿಗೆ ಗೊತ್ತಿರಲಾರದು.